ದಮಾಮಿ ಬಡಿದವರು ಒಬ್ಬರು, ಹಕ್ಕು ಬರೆಸಿಕೊಂಡವರು ಇನ್ನೊಬ್ಬರು

ಅಮೆರಿಕದ ಟೇಲರ್ ಸ್ವಿಫ್ಟ್ ಎಂಬ ಗಾಯಕಿಯ ಹೆಸರು ಕಾಲೇಜು ಹುಡುಗರಿಗೆ ಗೊತ್ತಿದ್ದೀತು, ಹಳಿಯಾಳದ ಸಂತೆಯಲ್ಲಿ ಕೇಳಿದರೆ ಯಾರೂ ಹೇಳಲಿಕ್ಕಿಲ್ಲ. ಹೇಳದಿದ್ದರೂ ನಷ್ಟವಿಲ್ಲ. ಆದರೆ ಆಕೆ ಮಾಡಿದ ಕೆಲಸವನ್ನು ಮಾತ್ರ ನಮ್ಮ ನಾಲ್ಕೂ ತಾಲೂಕಿನ ಹಾಡುಗಾರರು ಕಿವಿಗೊಟ್ಟು ಕೇಳಬೇಕು.

2019ರಲ್ಲಿ ಆಕೆಯ ಮೊದಲ ಆರು ಆಲ್ಬಂಗಳ ಮೂಲ ಮುದ್ರಿಕೆಗಳು ಕಂಪನಿಯ ಸಮೇತ ಬೇರೆಯವರ ಪಾಲಾದವು. ಹಾಡು ಕಟ್ಟಿದವಳು ಆಕೆ, ಹಾಡಿದವಳು ಆಕೆ, ಮಾರಿ ದುಡ್ಡು ಎಣಿಸಿಕೊಂಡವರು ಬೇರೆಯವರು. ಆಕೆ ಸುಮ್ಮನೆ ಕೂಡಲಿಲ್ಲ. 2021ರಿಂದ 2023ರೊಳಗೆ ಆ ಪೈಕಿ ನಾಲ್ಕನ್ನು ಮತ್ತೆ ಮೊದಲಿಂದ ಹಾಡಿ, ಇದು ನನ್ನದು ಅಂತ ಹೆಸರು ಹಚ್ಚಿ ಪೇಟೆಗೆ ಬಿಟ್ಟಳು. ಜನ ಹೊಸದನ್ನೇ ಕೇಳಿದರು. ಕೊನೆಗೆ 2025ರ ಮೇ ತಿಂಗಳಲ್ಲಿ ಹಳೆಯವನ್ನೂ ದುಡ್ಡು ಕೊಟ್ಟು ವಾಪಸ್ ತಗೊಂಡಳು.

ಇದರ ಮರ್ಮ ಇಷ್ಟೇ. ಹಾಡು ಬೇರೆ, ಹಾಡಿನ ಮುದ್ರಿಕೆ ಬೇರೆ. ಹಾಡು ಬರೆದವರದು, ರಾಗ ಹಾಕಿದವರದು. ಮುದ್ರಿಕೆ ಅದನ್ನು ಮಾಡಿಸಿದವರದು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯೂ ಹೀಗೇ ಹೇಳುತ್ತದೆ. ಹಾಗಾದರೆ ಗಂಟಲು ಹರಿದುಕೊಂಡು ಹಾಡಿದವರ ಗತಿ? 1994ರ ತಿದ್ದುಪಡಿ ಬರುವ ತನಕ ಕಾಯ್ದೆಯ ಜಮಖಾನೆಯ ಮೇಲೆ ಅವರಿಗೆ ಜಾಗವೇ ಇರಲಿಲ್ಲ ಸ್ವಾಮಿ!

ದೂರ ಹೋಗುವುದು ಬೇಡ, ಪಕ್ಕದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರನ್ನೇ ನೋಡಿ. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿ ಅವರ ಹಾಡನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿತು. ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’! ಗಂಗೂಬಾಯಿ ಎಂಬ ಹೆಸರು ಕಂಪನಿಯ ಕಿವಿಗೆ ಇಂಪಾಗಿ ಕೇಳಿಸಲಿಲ್ಲವೋ ಏನೋ. ಮುಂದೆ ಗಂಟಲಿನ ಚಿಕಿತ್ಸೆಯಾಗಿ ಅವರ ದನಿಯೇ ಬದಲಾಯಿತು. ಸಣ್ಣ ದನಿ ಹೋಗಿ, ಲೋಕವೇ ತಲೆಬಾಗಿದ ಆ ಗಂಡುದನಿ ಬಂತು. ಆಮೇಲೆ ಅದೇ ರಾಗವನ್ನು ನೂರು ಸಲ ಮುದ್ರಿಸಿದರೂ ‘ಗಾಂಧಾರಿ’ಯ ದನಿ ಮರಳಿ ಬರುವಂತಿರಲಿಲ್ಲ. ಮತ್ತೊಮ್ಮೆ ಹಾಡಿದರಾಯ್ತಲ್ಲ ಅನ್ನುವವರು ಇದನ್ನು ನೆನಪಿಡಬೇಕು. ಹಾಡನ್ನು ಮತ್ತೆ ಹಾಡಬಹುದು, ಹರೆಯದ ಗಂಟಲನ್ನು ಎಲ್ಲಿಂದ ತರೋದು?

ಸಿನಿಮಾದವರ ಕಥೆ ಇನ್ನೊಂದು ನಮೂನೆ. 2017ರಲ್ಲಿ ಇಳಯರಾಜಾ ಅವರು ತಮ್ಮ ಹಾಡುಗಳನ್ನು ವೇದಿಕೆಯ ಮೇಲೆ ಅನುಮತಿ ಇಲ್ಲದೆ ಹಾಡಕೂಡದೆಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೇ ನೋಟಿಸು ಕೊಟ್ಟರು. ಇನ್ನೊಬ್ಬರ ಹಾಡನ್ನು ಹೊಸದಾಗಿ ಮುದ್ರಿಸಿ ಹೊರತರಬೇಕಾದರೆ 2012ರ ತಿದ್ದುಪಡಿಯ ಪ್ರಕಾರ ಮೊದಲ ಮುದ್ರಣವಾಗಿ ಐದು ವರ್ಷ ಕಳೆದಿರಬೇಕು. ಸಾಮಾನ್ಯವಾಗಿ ಕನಿಷ್ಠ 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಬೇಕು. ದಾಂಡೇಲಿಯ ಗಣಪತಿ ಹಬ್ಬದ ಆರ್ಕೆಸ್ಟ್ರಾ ಹುಡುಗರು ಆಲ್ಬಂ ಮಾಡ್ತೀವಿ ಅಂತ ಹೊರಟರೆ ಈ ಲೆಕ್ಕ ಕೇಳಿಯೇ ಬೆವರಬೇಕು.

ಈಗ ಕಾಡಿನ ಕಡೆ ಬನ್ನಿ. ಹಳಿಯಾಳ, ಮುಂಡಗೋಡದ ಸಿದ್ದಿಗಳ ದಮಾಮಿ ಪದ, ಜೋಯಿಡಾದ ಕುಣಬಿ ಹೆಣ್ಣುಮಕ್ಕಳ ಫುಗಡಿ, ಗೌಳಿಗರ ಹಾಡು. ಬರೆದವರು ಯಾರು? ಅಜ್ಜಿಯ ಅಜ್ಜಿ. ಅಂದರೆ ಕಾಯ್ದೆಯ ಕಣ್ಣಿಗೆ ಹಾಡಿನ ಒಡೆಯ ಯಾರೂ ಇಲ್ಲ. ಒಂದು ಸಮುದಾಯದ ಜನಪದ ಹಾಡು ಆ ಸಮುದಾಯಕ್ಕೇ ಸೇರಿದ್ದು ಎಂದು ಹೇಳುವ ಕಲಮು ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿಲ್ಲ. ಯಾರೋ ಮೈಕು ಕ್ಯಾಮರಾ ಹಿಡ್ಕೊಂಡು ಬಂದರು ಅಂತಿಟ್ಟುಕೊಳ್ಳಿ. “ಅಕ್ಕಾ, ಎರಡು ಪದ ಹಾಡ್ರಿ” ಅಂದರು, ಚಹಾ ಕುಡಿಸಿದರು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಮುದ್ರಿಕೆ ಅವರದಾಯಿತು. ನಾಳೆ ಅಕ್ಕನ ಮೊಮ್ಮಗನೇ ಆ ವಿಡಿಯೋವನ್ನು ತನ್ನ ಯೂಟ್ಯೂಬಿಗೆ ಹಾಕಿದರೆ, ಅದು ಬೇರೆಯವರ ಸೊತ್ತು ಎಂದು ಯಂತ್ರವೇ ತಡೆದೀತು.

ಆದರೆ ಇದರಲ್ಲೇ ನಮ್ಮವರಿಗೆ ಒಂದು ಅನುಕೂಲವೂ ಇದೆ. ಆ ಮುದ್ರಿಕೆ ಅವರದಾದರೂ ಹಾಡು ಅವರದಲ್ಲ. ಅದೇ ಪದವನ್ನು ಅದೇ ಅಕ್ಕ ನಾಳೆ ಬೆಳಿಗ್ಗೆ ಮೊಮ್ಮಗನ ಮೊಬೈಲಿನ ಮುಂದೆ ಕೂತು ಹಾಡಬಹುದು. ಐದು ವರ್ಷ ಕಾಯಬೇಕಿಲ್ಲ, 50,000 ಪ್ರತಿಯ ರಾಯಧನ ಕಟ್ಟಬೇಕಿಲ್ಲ. ಅಷ್ಟು ದೊಡ್ಡ ಗಾಯಕಿ ಎರಡು ವರ್ಷ ಸ್ಟುಡಿಯೋ ಹೊಕ್ಕು ಮಾಡಿದ್ದನ್ನು ಇಲ್ಲಿ ಒಂದು ಸಂಜೆಯಲ್ಲಿ ಮಾಡಬಹುದು. ಮಾಡಬೇಕು ಕೂಡ, ಯಾಕೆಂದರೆ ಪೂರಾ ಪದ ಬಲ್ಲ ಮುದುಕಿಯರು ಕಡಿಮೆಯಾಗುತ್ತಿದ್ದಾರೆ.

ಹೆಸರಿನ ಬೆಲೆ ಏನೆಂದು ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಕಲಿಯಬೇಕು. ಡ್ರೆಪುಂಗ್ ಲೋಸೆಲಿಂಗ್ ಮಠದ ಲಾಮಾಗಳು ತಮ್ಮ ಮಂತ್ರಪಠಣವನ್ನು ಅಮೆರಿಕದ ಊರೂರಿಗೆ ಒಯ್ದಿದ್ದಾರೆ. ವೇದಿಕೆಯಿರಲಿ ಸಿಡಿಯಿರಲಿ, ಮಠದ ಹೆಸರು ಮುಂದಿರುತ್ತದೆ. ಸಿದ್ದಿಗಳ ಹಾಡಿನ ಕೆಳಗೋ, ಬಹಳ ಸಲ ‘ಜನಪದ’ ಎಂಬ ಒಂದೇ ಶಬ್ದ. ಹಾಡಿದ ಹೆಂಗಸಿಗೆ ಹೆಸರಿಲ್ಲವೇನ್ರೀ?

ಹೆಸರು ಕೇಳುವ ಹಕ್ಕು 2012ರಿಂದ ಕಾಯ್ದೆಯಲ್ಲೇ ಇದೆ. ಹಾಡುವವರ ಒಪ್ಪಿಗೆ ಇಲ್ಲದೆ ಹಾಡನ್ನು ಮುದ್ರಿಸಿ ಮಾರುವಂತಿಲ್ಲ. ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳಬಹುದು. ಈ ಹಕ್ಕಿಗೆ 50 ವರ್ಷದ ಆಯುಸ್ಸಿದೆ. ಮುಂಡಗೋಡದಿಂದ ಸ್ವಲ್ಪ ದೂರದಲ್ಲೇ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಿದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ತಿಳಿಗನ್ನಡದಲ್ಲಿ ಬರೆದು, ಕೊಂಕಣಿ ಮರಾಠಿಯಲ್ಲೂ ಅಚ್ಚು ಹಾಕಿಸಿ ಹಂಚಿದರೆ ಅವರಿಗೆ ಎಷ್ಟು ಖರ್ಚಾದೀತು?

ಅಲ್ಲಿಯ ತನಕ ಹಾಡುಗಾರರು ಒಂದು ಕೆಲಸ ಮಾಡಲಿ. 1995ರ ನಂತರ ಹೆಬ್ಬೆಟ್ಟು ಒತ್ತಿದ ಕಾಗದ ಟ್ರಂಕಿನಲ್ಲಿದ್ದರೆ ಹೊರಗೆ ತೆಗೆಯಲಿ. ಎಷ್ಟು ವರ್ಷಕ್ಕೆ ಹಕ್ಕು ಕೊಟ್ಟಿದ್ದೆಂದು ಅದರಲ್ಲಿ ಬರೆದಿಲ್ಲವೆಂದರೆ ಕಾಯ್ದೆ ಅದನ್ನು ಐದೇ ವರ್ಷಕ್ಕೆ ಎಂದು ಎಣಿಸುತ್ತದೆ. ಆ ಐದು ವರ್ಷ ಮುಗಿದಿದೆಯೋ ಇಲ್ಲವೋ, ತಾರೀಖು ನೋಡಿಸಿ ಒಬ್ಬ ವಕೀಲರನ್ನು ಕೇಳಲಿ.