ನೆನಪಿನ ಹಣ ಯಾವುದಕ್ಕೆ?



ನರ್ಸಿಂಗ್ ಓದುತ್ತಿದ್ದ ನಮ್ಮ ಲೈನಿನ ಮಗಳು ತೀರಿಕೊಂಡು ವರ್ಷ ತುಂಬಿತು. ಓದು ಮುಗಿಯಲು ಇನ್ನೊಂದೇ ವರ್ಷ ಉಳಿದಿತ್ತು. ರಜೆಗೆ ಬಂದಾಗಲೆಲ್ಲ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಗುರು ಕತ್ತರಿಸುತ್ತಿದ್ದಳು, ಅಜ್ಜಿಯರ ಕೈಗೆ ಬಿ.ಪಿ. ಪಟ್ಟಿ ಕಟ್ಟಿ ನೋಡುತ್ತಿದ್ದಳು. ಅವಳ ಹೆಸರಿನಲ್ಲಿ ಏನಾದರೂ ಆಗಬೇಕೆಂದು ಕೂಟದಲ್ಲಿ ತೀರ್ಮಾನಿಸಿ, ಮನೆಗೊಂದು ಹಾಜರಿಯ ಕೂಲಿಯಂತೆ ಹಣ ಕೂಡಿಸಿದ್ದೇವೆ. ಈಗ ಆ ಹಣ ಯಾವುದಕ್ಕೆ ಎಂಬ ಪ್ರಶ್ನೆ ಎದ್ದಿದೆ. ಕೆಲವರು ಸಮಾಧಿಗೆ ಗ್ರಾನೈಟ್ ಕಲ್ಲು ಎನ್ನುತ್ತಾರೆ, ಕೆಲವರು ಲೈನಿನ ಬಾಗಿಲಿಗೆ ಕಮಾನು ಎನ್ನುತ್ತಾರೆ. ಹೋದ ಸಭೆಯಲ್ಲಿ ಮಾತು ಬಿಸಿಯಾಗಿ, ಅವಳ ತಾಯಿ ಎದ್ದು ಹೊರಗೆ ಹೋದರು. ಅದನ್ನು ಕಂಡ ಮೇಲೆ ನಮ್ಮ ಅಭಿಪ್ರಾಯವನ್ನು ಬರೆಯದೆ ಇರಲು ಆಗಲಿಲ್ಲ.

ನಮ್ಮಲ್ಲಿ ಅನೇಕರು ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು ನೋಡಿದ್ದೀರಿ. ಅದರ ಪೂರ್ಣ ಹೆಸರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬವರ ನೆನಪಿಗಾಗಿ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನವರು 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ತೆರೆದದ್ದು. ಆ ಅಮ್ಮನವರು ಯಾರೆಂದು ಅಲ್ಲಿ ಹೆರಿಗೆಗೆ ಹೋದ ಎಷ್ಟು ಜನ ವಿಚಾರಿಸಿದ್ದಾರು? ಜನರ ಬಾಯಲ್ಲಿ ಅದು ಬರೀ ಮಿಷನ್ ಆಸ್ಪತ್ರೆ. ಹೆಸರು ಹಿಂದೆ ಸರಿಯಿತು, ಕೆಲಸ ನಿಂತಿತು. ಇದರಲ್ಲಿ ಅವರಿಗೆ ಯಾವ ಅವಮಾನವೂ ಇಲ್ಲವೆಂದು ನಮ್ಮ ಎಣಿಕೆ.

ಅಲ್ಲಿ ನಡೆದ ಇನ್ನೊಂದು ಸಂಗತಿ ನಿಮಗೆ ತಿಳಿದಿರಲಿಕ್ಕಿಲ್ಲ. 1934ರಿಂದ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಕೂಸನ್ನು ತೂಗುವುದು, ಬರೆಯುವುದು, ಮುಂದಿನ ಕೂಸು. ಇದಕ್ಕೆ ಯಾರೂ ಹಾರ ಹಾಕುವುದಿಲ್ಲ. ಅರವತ್ತು ವರ್ಷಗಳಾದ ಮೇಲೆ ವೈದ್ಯರು ಆ ಹಳೆಯ ಪುಸ್ತಕಗಳನ್ನು ತೆರೆದು, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿ ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಫಲ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರೋಗ. ಮೂರು ಕಿಲೋ ದಾಟಿ ಪುಷ್ಟಿಯಾಗಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ. ಕೂಸೂ ಚಿಕ್ಕದು, ಬಸುರಿನಲ್ಲಿ ತಾಯಿಯೂ 45 ಕಿಲೋ ತೂಗಲಿಲ್ಲ ಎಂದರೆ ನೂರಕ್ಕೆ 20 ಮಂದಿಗೆ.

ಅಂದರೆ ಬಸುರಿ ಹೆಂಗಸಿನ ತಟ್ಟೆಯಲ್ಲಿ ಕಡಿಮೆಯಾದ ಅನ್ನದ ಲೆಕ್ಕ ಅವಳ ಮಗನ ಎದೆಯಲ್ಲಿ ಐವತ್ತು ವರ್ಷದ ಮೇಲೂ ಕಾಣಿಸಬಹುದು. ನಮ್ಮ ಲೈನುಗಳಲ್ಲಿ ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಕೊನೆಗೆ ಪಾತ್ರೆ ಕೆರೆದು ಉಣ್ಣುವವರು ಯಾರೆಂದು ನಾವು ಹೇಳಬೇಕಾಗಿಲ್ಲ. (ಕಮಾನು ಬೇಕೆಂದು ಗಟ್ಟಿಯಾಗಿ ಕೂಗಿದವರೂ ಗಂಡಸರೇ.)

ನಮ್ಮ ರಾಜ್ಯದ ವೇಲೂರನ್ನೂ ನೋಡಿ. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಹೆಂಗಸರು ಹೆರಿಗೆಯಲ್ಲಿ ಸತ್ತದ್ದನ್ನು ಕಂಡ ಐಡಾ ಸ್ಕಡ್ಡರ್ ಅಮೆರಿಕಕ್ಕೆ ಹೋಗಿ ವೈದ್ಯ ವಿದ್ಯೆ ಕಲಿತು 1900ರಲ್ಲಿ ಮರಳಿದರು. ತೀರಿಹೋದ ಹೆಂಡತಿಯ ನೆನಪಿಗೆ ಶೆಲ್ ಎಂಬ ಸಾಹುಕಾರರು ಕೊಟ್ಟ ಹತ್ತು ಸಾವಿರ ಡಾಲರಿನಿಂದ 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ಎದ್ದಿತು. ಅಷ್ಟು ಹಣ ನಮಗೆಲ್ಲಿಂದ ಬರಬೇಕು? ಆದರೆ ತಕ್ಕಡಿಗೆ, ರಿಜಿಸ್ಟರಿಗೆ ಸಾಲುವಷ್ಟು ಇದೆ.

ನಮ್ಮ ಸಲಹೆ ಇದು. ಕೂಸು ತೂಗುವ ಯಂತ್ರ ಒಂದು, ದೊಡ್ಡವರನ್ನು ತೂಗುವ ಯಂತ್ರ ಒಂದು, ಗಟ್ಟಿ ರಟ್ಟಿನ ಪುಸ್ತಕ ಒಂದು ತರೋಣ. ಅಂಗನವಾಡಿಯಲ್ಲಿ ತೂಗುತ್ತಾರಲ್ಲ ಎಂದು ಕೇಳುವಿರಿ. ತೂಗುತ್ತಾರೆ, ಆದರೆ ತೋಟದಿಂದ ನಮ್ಮ ಹೆಂಗಸರು ಬರುವಷ್ಟರಲ್ಲಿ ಬೀಗ ಬಿದ್ದಿರುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ ಓದಿದ ಇಬ್ಬರು ಹುಡುಗಿಯರು ಕೂತು ಬರೆದುಕೊಳ್ಳಲಿ. ತೂಕ ಏರದ ಬಸುರಿಯನ್ನು ಊರಿನ ನರ್ಸಮ್ಮನವರ ಹತ್ತಿರ ಕರೆದುಕೊಂಡು ಹೋಗಲಿ. ಹನ್ನೆರಡು ವಾರದೊಳಗೆ ಹೆಸರು ಬರೆಸಿದ್ದಾರೆಯೇ ಎಂದೂ ಕೇಳಲಿ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯದ ಹಣಕ್ಕೆ ಅದು ಬೇಕು. ಉಳಿದ ಹಣ ರಾತ್ರಿಯ ಗಾಡಿಗಿರಲಿ. ದಿಂಬಂ ಘಾಟಿಯ 27 ತಿರುವುಗಳಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ತಡೆ ಇದೆ. ಆಂಬುಲೆನ್ಸಿಗೆ ತಡೆಯಿಲ್ಲ. ಆದರೂ ಲೈನಿನಿಂದ ಟಾರು ರಸ್ತೆಯ ತನಕ ನೋವು ತಿನ್ನುತ್ತಿರುವ ಹೆಂಗಸನ್ನು ಸಾಗಿಸುವ ಜೀಪಿಗೆ ಆ ಹೊತ್ತಿನಲ್ಲಿ ಯಾರ ಮನೆಯಲ್ಲಿ ದುಡ್ಡಿರುತ್ತದೆ?

ಒಂದು ಎಚ್ಚರ. ಸಂಘದ ಕೆಲಸ ಮಾಡುವವರಾಗಿ ಇದನ್ನು ಹೇಳದಿದ್ದರೆ ತಪ್ಪಾದೀತು. ಕಾರ್ಮಿಕನಿಗೂ ಕುಟುಂಬಕ್ಕೂ ವೈದ್ಯ ಸೌಲಭ್ಯ ಕೊಡುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದ ಮಾಲೀಕರ ಮೇಲೆ ಹೊರಿಸಿತು. ಆ ಕಾಯ್ದೆ 2020ರ ಹೊಸ ಸಂಹಿತೆಯೊಳಗೆ ಸೇರಿತು, ಹೊಣೆ ಮಾತ್ರ ಅಳಿಸಿಲ್ಲ. ನಾವು ತಕ್ಕಡಿ ತಂದೆವೆಂದು ಯಾವ ಮಾಲೀಕರೂ ತಮ್ಮ ಔಷಧಿಯ ಕಪಾಟಿಗೆ ಬೀಗ ಹಾಕಲಾಗದು. ಬದಲಾಗಿ, ಲೈನಿನ ಬಸುರಿಯರ ತೂಕ ಇಷ್ಟು, ಕೂಸುಗಳ ತೂಕ ಇಷ್ಟು ಎಂದು ಪುಸ್ತಕ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದರೆ, ಬಾಯಿಮಾತಿನ ದೂರೆಂದು ನಮ್ಮನ್ನು ತಳ್ಳಿಬಿಡುವುದು ಕಷ್ಟ.

ಸಮಾಧಿಗೆ ಕಲ್ಲೇ ಬೇಡವೆಂದು ನಾವು ಹೇಳುತ್ತಿಲ್ಲ. ಹೆತ್ತವರ ಮನಸ್ಸಿಗೆ ಒಂದು ಚಿಕ್ಕ ಕಲ್ಲು ಬೇಕೆನಿಸಿದರೆ ಅದಕ್ಕೆ ಬೇರೆಯಾಗಿ ಕೊಡೋಣ. ಪುಸ್ತಕದ ಮೊದಲ ಪುಟದಲ್ಲಿ ಅವಳ ಹೆಸರು ಬರೆಯಬೇಕೋ ಬೇಡವೋ ಎಂಬುದನ್ನೂ ತಾಯಿಯವರೇ ಹೇಳಲಿ. ಮುಂದಿನ ಸಭೆಯಲ್ಲಿ ಮೊದಲ ಮಾತು ಅವರದು. ಅವರು ಹೇಳಿ ಮುಗಿಸುವ ತನಕ ಉಳಿದವರು, ನಾವೂ ಸೇರಿ, ಸುಮ್ಮನಿರಬೇಕು. ಹಣದ ಲೆಕ್ಕವನ್ನು ಆ ದಿನ ಎಲ್ಲರ ಮುಂದೆ ಓದಿ ಹೇಳಲಾಗುವುದು.