ಮಾತ್ರೆ ಎಣಿಸುವವನಿಗೆ ಕಾಯಿದೆ ಯಾಕೆ ಎನ್ನುವವರಿಗೆ



ಔಷಧಿ ಅಂಗಡಿಗಳಲ್ಲಿ ಸಂಬಳಕ್ಕಿರುವ ಫಾರ್ಮಸಿಸ್ಟರಿಗೆ ಬಿಡುವಿನ ವೇಳೆಯಲ್ಲಿ ಆರೋಗ್ಯದ ಕಾಯಿದೆ ಕಟ್ಟಳೆಗಳನ್ನೂ, ಜನರ ಪರವಾಗಿ ಅಧಿಕಾರಿಗಳ ಮುಂದೆ ವಾದಿಸುವುದನ್ನೂ ಕಲಿಸಬೇಕು ಎಂದು ನಾವು ಹೇಳಿದಾಗ ಕೆಲವರು ನಕ್ಕರು. "ಮಾತ್ರೆ ಎಣಿಸುವವನಿಗೆ ಕಾಯಿದೆ ಯಾತಕ್ಕೆ?" ಎಂದರು. ನಕ್ಕವರಲ್ಲಿ ನಮ್ಮ ಸಂಘದವರೂ ಇದ್ದರು. ಅದೇ ನಮಗೆ ನೋವು.

ಮೈಕೈ ನೋವೆಂದರೆ ನಾವು ಮೊದಲು ಹೋಗುವುದು ಎಲ್ಲಿಗೆ? ಶಿಫ್ಟು ಮುಗಿಸಿ ರಾತ್ರಿ ಒಂಬತ್ತಕ್ಕೆ ಬರುವಾಗ ತೆರೆದಿರುವುದು ಮೆಡಿಕಲ್ ಶಾಪೊಂದೇ. ಗುಲಾಬಿ ತೋಟದಲ್ಲಿ ದಿನವೆಲ್ಲ ಬಗ್ಗಿ ದುಡಿಯುವ ನಮ್ಮ ಅಕ್ಕ ಒಬ್ಬರು ಸೊಂಟನೋವಿಗೆಂದು ಅಂಗಡಿಯ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗಿದರು. ಮುಖ ಊದಿಕೊಂಡಾಗ ಆಸ್ಪತ್ರೆಗೆ ಕರೆದೊಯ್ದವರು ನಾವೇ. ಮೂತ್ರಪಿಂಡ ಕೆಟ್ಟಿದೆ ಎಂದರು. ಆ ಅಂಗಡಿಯ ಗೋಡೆಯಲ್ಲಿ ಫಾರ್ಮಸಿಸ್ಟರ ಸರ್ಟಿಫಿಕೇಟು ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ಆ ಮನುಷ್ಯರನ್ನು ಮಾತ್ರ ಒಂದು ದಿನವೂ ಕಂಡವರಿಲ್ಲ. ಮಾತ್ರೆ ಕೊಟ್ಟವನು ಮೀಸೆ ಚಿಗುರದ ಹುಡುಗ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಕೂಲಿಯವನೇ. "ಏನಾದರೂ ಕೊಡಪ್ಪ, ನೋವು ನಿಂತರೆ ಸಾಕು" ಎಂದು ಕೇಳುವವರು ನಾವೂ ಅಲ್ಲವೇ?

ಕಾಯಿದೆ ಇಲ್ಲವೆಂದಲ್ಲ. 1948ರ ಫಾರ್ಮಸಿ ಕಾಯಿದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ. 2015ರ ನಿಯಮಗಳ ಪ್ರಕಾರ ರೋಗಿಗೆ ಔಷಧಿಯ ವಿಷಯ ತಿಳಿಸಿ ಹೇಳುವುದೂ ಅವರ ಕರ್ತವ್ಯ. ಅದೇ ನಿಯಮಗಳಲ್ಲಿ ಐದು ವರ್ಷಕ್ಕೆ ಒಂದೊಂದು ದಿನದ ಎರಡು ತರಬೇತಿ ಸಾಕು ಎಂದಿದೆ. ಐದು ವರ್ಷಕ್ಕೆ ಎರಡು ದಿನ! ನಮ್ಮ ಮಕ್ಕಳಿಗೆ ಜಪ ಕಲಿಸಲೂ ಅಷ್ಟು ಸಾಲದು.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಸತ್ತರು. ಆ ಸಿರಪ್ಪು ತಯಾರಾದದ್ದು ನಮ್ಮದೇ ರಾಜ್ಯದ ಕಾಂಚೀಪುರಂ ಜಿಲ್ಲೆಯಲ್ಲಿ. ಪರೀಕ್ಷೆ ಮಾಡಿದಾಗ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ನೂರಕ್ಕೆ 48.6 ಪಾಲು ಸಿಕ್ಕಿತು. ಔಷಧಿಯಿಂದ ಕೆಡುಕಾದರೆ ತಿಳಿಸಲು 2010ರಿಂದ ದೇಶದಲ್ಲಿ ಒಂದು ವ್ಯವಸ್ಥೆ ಇದೆ. 1800-180-3024 ಎಂಬ ಪುಕ್ಕಟೆ ಫೋನೂ ಇದೆ. ನಮ್ಮ ಬೀದಿಯ ಅಂಗಡಿಯಲ್ಲಿ ಕೇಳಿ ನೋಡಿ, ಎಷ್ಟು ಜನರಿಗೆ ಗೊತ್ತಿದೆ ಎಂದು. 2013ರ ಬೆಲೆ ನಿಯಂತ್ರಣ ಆಜ್ಞೆಯಂತೆ ಬೆಲೆಪಟ್ಟಿಯನ್ನು ಜನರಿಗೆ ಕಾಣುವಂತೆ ಅಂಗಡಿಯಲ್ಲಿ ಇಡಬೇಕು. ಅದನ್ನೂ ಹುಡುಕಿ ನೋಡಿ.

ಸರಕಾರಿ ಆಸ್ಪತ್ರೆಯ ವಿಷಯಕ್ಕೆ ಬನ್ನಿ. 1994ರಲ್ಲಿ ತಮಿಳುನಾಡು ಸರಕಾರ ಔಷಧಿ ಖರೀದಿಗೆ ಒಂದು ನಿಗಮ ಕಟ್ಟಿತು. ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಕೊಟ್ಟು, ಇಷ್ಟು ಹಣದ ಔಷಧಿ ಪಡೆಯಬಹುದು ಎಂದು ಬರೆಯುವ ಪದ್ಧತಿ ತಂದಿತು. ಒಳ್ಳೆಯ ಕೆಲಸ, ಒಪ್ಪುತ್ತೇವೆ. 2021ರ ಆಗಸ್ಟ್ 5ರಂದು ಮುಖ್ಯಮಂತ್ರಿಗಳು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಗೇ ಬಂದು, ಮನೆಬಾಗಿಲಿಗೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತಲುಪಿಸುವ ಯೋಜನೆ ಆರಂಭಿಸಿದರು. ಅದೂ ಒಳ್ಳೆಯದೇ. ಆದರೆ ಮಾತ್ರೆ ಮುಗಿದರೆ ಮೊದಲು ಗೊತ್ತಾಗುವುದು ಯಾರಿಗೆ? ದಾಸ್ತಾನು ಪುಸ್ತಕ ಬರೆಯುವ ಫಾರ್ಮಸಿಸ್ಟರಿಗೆ. ಯೋಜನೆ ಮಾಡುವಾಗ ಅವರ ಮಾತು ಕೇಳುವವರಿಲ್ಲ. ಕೇಳಿದರೂ ಹೇಗೆ ಹೇಳಬೇಕೆಂದು ಅವರಿಗೆ ಯಾರೂ ಕಲಿಸಿಲ್ಲ.

"ಬೇಕಿದ್ದರೆ ಪಟ್ಟಣಕ್ಕೆ ಹೋಗಿ ದೊಡ್ಡ ಡಿಗ್ರಿ ಓದಲಿ" ಎನ್ನುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ ನಿಂತೇ ಇರುವವನು ಯಾವ ಕಾಲೇಜಿಗೆ ಹೋಗಲಿ? ಮನೆ ಬಾಡಿಗೆ ಯಾರು ಕಟ್ಟುತ್ತಾರೆ? ಅದಕ್ಕೇ ನಾವು ಕೇಳುವುದು ಕೆಲಸ ಬಿಡದೆ ಕಲಿಯುವ ದಾರಿ. ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಹಾಲು ಖಾಲಿ ಬಿದ್ದಿರುತ್ತದೆ. ಮಧ್ಯಾಹ್ನ ಎರಡು ಗಂಟೆ ಹೊತ್ತು, ಆರು ತಿಂಗಳು. ಯಾವ ಮತದವರಾದರೂ ಬರಲಿ. ಬೆಲೆ ಆಜ್ಞೆ ಓದುವುದು, ಪಾಸ್‌ಬುಕ್ ಲೆಕ್ಕ ಅರಿಯುವುದು, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಬರೆಯುವುದು, ಗ್ರಾಮಸಭೆಯಲ್ಲಿ ಎದ್ದು ಮಾತಾಡುವುದು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ನಡೆಯಲಿ. ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಅಜ್ಜಿಯರಿಗೆ ಇಂಗ್ಲಿಷ್ ಚೀಟಿ ಓದಿ ಹೇಳುವವರು ಕನ್ನಡದಲ್ಲೇ ಹೇಳಬೇಕು. ಪಾಠ ಹೇಳುವವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಂಥ ಕಡೆಯಿಂದ ಬರಬಹುದು, ಅದೇನು ದೂರವೇ?

ಅಂಗಡಿ ಮಾಲೀಕರು ರಜೆ ಕೊಡುವುದಿಲ್ಲ ಎಂಬುದು ನಿಜವಾದ ಕಷ್ಟ. ಆದರೆ 1947ರ ತಮಿಳುನಾಡು ಅಂಗಡಿಗಳ ಕಾಯಿದೆಯಲ್ಲಿ ವಾರಕ್ಕೊಂದು ಪೂರ್ಣ ದಿನ ರಜೆ ಎಂದಿದೆ. ಕಾರ್ಖಾನೆಯ ಗೇಟಿನಲ್ಲಿ ಬಾವುಟ ಹಿಡಿಯುವ ನಾವು ಔಷಧಿ ಅಂಗಡಿಯ ಕೂಲಿಗಾಗಿ ಒಮ್ಮೆಯಾದರೂ ನಿಂತಿದ್ದೇವೆಯೇ? ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಇಡುತ್ತೇವೆ. ನಕ್ಕವರೂ ಬರಲಿ. ಬರುವಾಗ ನಿಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗನನ್ನೂ ಕರೆತನ್ನಿ. ಅವನ ಸಂಬಳವೆಷ್ಟು, ರಜೆ ಯಾವಾಗ ಎಂದು ದಾರಿಯಲ್ಲೇ ಕೇಳಿಕೊಂಡು ಬನ್ನಿ.