ಅಮ್ಮನ ‘ಹೌದು’ ಮತ್ತು ಸರ್ವೆ ಫಾರ್ಮು

ಕಳೆದ ವರ್ಷ ಕನ್ಯಾನದ ನಮ್ಮ ಮನೆಗೆ ಪಶುವೈದ್ಯಕೀಯ ಓದುವ ಹುಡುಗನೊಬ್ಬ ಸರ್ವೆಗೆ ಬಂದಿದ್ದ. “ಡಾಕ್ಟರು ಹೇಳಿದ ಔಷಧಿ ಪೂರ್ತಿ ಕೊಡ್ತೀರಾ?” ಅಂತ ಕೇಳಿದ. ಅಮ್ಮ “ಹೌದು” ಅಂದರು. ಫಾರ್ಮಿನಲ್ಲಿ ಟಿಕ್ ಬಿತ್ತು.

ಆದರೆ ಅದು ಸುಳ್ಳು. ಹಿಂದಿನ ತಿಂಗಳಷ್ಟೇ ನಮ್ಮ ದನಕ್ಕೆ ಕೆಚ್ಚಲು ಬಾವು ಬಂದಿತ್ತು. ಐದು ದಿನದ ಔಷಧಿಯನ್ನು ಅಮ್ಮ ಎರಡೇ ದಿನಕ್ಕೆ ನಿಲ್ಲಿಸಿದ್ದರು. ಬಾವು ಮತ್ತೆ ಬಂದು ಒಂದು ಮೊಲೆ ಬತ್ತಿಹೋಯ್ತು.

ಹುಡುಗ ಹೋದ ಮೇಲೆ “ಯಾಕಮ್ಮ ಹಾಗೆ ಹೇಳಿದ್ದು?” ಅಂತ ಕೇಳಿದೆ. “ಓದಿದ ಮಕ್ಕಳ ಎದುರು ಮತ್ತೆಂತ ಹೇಳುವುದು?” ಅಂದರು. ರಾತ್ರಿ ಊಟದ ಹೊತ್ತಿಗೆ ಉಳಿದದ್ದು ಒಂದೊಂದಾಗಿ ಹೊರಬಂತು. ಮೂರನೇ ದಿನ ಹಾಲು ನೋಡಲಿಕ್ಕೆ ಸರಿಯಾಗಿತ್ತು. ಔಷಧಿ ಕೊಡುತ್ತಿದ್ದರೆ ಹಾಲು ಸೊಸೈಟಿಗೆ ಹಾಕುವ ಹಾಗಿಲ್ಲ. ಹಿಂಡಿಯ ಬಾಕಿ ಬೇರೆ ಇತ್ತು. ಅಂದರೆ ಆ ಹಾಲು ಸೊಸೈಟಿಗೆ ಹೋಗಿತ್ತು! ಕೊನೆಯ ಡೋಸ್ ಆದ ಮೇಲೂ ಔಷಧಿಯ ಅಂಶ ಕೆಲವು ದಿನ ಹಾಲಿನಲ್ಲಿರ್ತದೆ. ಸಾವಯವ ಅಂತ ಊರಿಡೀ ಹೇಳಿಕೊಂಡು ತಿರುಗುವ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಎಷ್ಟು ಮಂದಿ ಅಂತ ಎಣಿಸದೆ, ಯಾಕೆ ಅಂತ ಹುಡುಕುವುದಕ್ಕೆ ಗುಣಾತ್ಮಕ ಸಂಶೋಧನೆ ಅಂತಾರೆ. ತೋಟಗಾರಿಕೆ ಓದುವಾಗ ನಾವು ಇದನ್ನು ಬರೀ ಹರಟೆ ಅಂದುಕೊಂಡಿದ್ದೆವು. ಎಲೆ ಎಣಿಸಿದರೆ ಮಾತ್ರ ಸಂಶೋಧನೆ! ಇದರಲ್ಲೂ ಶಿಸ್ತು ಇದೆ. “ಕಳೆದ ಸಲ ದನಕ್ಕೆ ಹುಷಾರಿಲ್ಲದಾಗ ಏನಾಯ್ತು, ಮೊದಲಿಂದ ಹೇಳಿ” ಅಂತ ಕೇಳಬೇಕು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಬೇಕು, ಹೆಸರು ಮುಚ್ಚಿಡಬೇಕು, ಆಡಿದ ಮಾತನ್ನು ಹಾಗೇ ಬರೆಯಬೇಕು. ಹೊಸ ಕಾರಣ ಸಿಗುವುದು ನಿಲ್ಲುವವರೆಗೆ ಮನೆ ಮನೆ ಹೋಗಬೇಕು. ಎಣಿಕೆಯೂ ಬೇಕು, ಆದರೆ ಏನನ್ನು ಎಣಿಸುವುದು ಅಂತ ಗೊತ್ತಾದ ಮೇಲೆ.

ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಇಂಥ ಮಾತುಕತೆ ಆ ವರ್ಷದ ಕೆಲಸದಲ್ಲೇ ಸೇರಬೇಕು ಅಂತ ನನ್ನ ವಾದ. ಆ ಹುಡುಗರನ್ನೂ ಯಾರಾದರೂ ಕೂರಿಸಿ ಕೇಳಬೇಕು. ತುಳು, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ ಎಲ್ಲ ಕೇಳಿಸುವ ನಮ್ಮೂರಿನ ಹಟ್ಟಿಗೆ ಮೊದಲ ಸಲ ಬಂದಾಗ ಅವರು ಎಲ್ಲಿ ತಡವರಿಸಿದರು? ಯಾವ ಪ್ರಶ್ನೆ ಬಾಯಿಗೆ ಬಂದರೂ ಕೇಳಲಿಲ್ಲ? ಪಾಠ ಬದಲಿಸಲಿಕ್ಕೆ ಪರೀಕ್ಷೆಯ ಅಂಕಕ್ಕಿಂತ ಆ ಉತ್ತರಗಳು ಹೆಚ್ಚು ಉಪಯೋಗ.

ನಿಮ್ಮ ಮನೆಗೂ ಇಂಥವರು ಬಂದರೆ ಹಟ್ಟಿಗೇ ಕರ್ಕೊಂಡು ಹೋಗಿ, ಫಾರ್ಮು ಆಮೇಲೆ ತುಂಬಿಸಿದರಾಯ್ತು. ದನ ನೋಡಿಕೊಳ್ಳುವವರೇ ಮಾತಾಡಲಿ, ನೀವು ನಡುವೆ ಬಾಯಿ ಹಾಕಬೇಡಿ.

ನಮ್ಮನೆಗೆ ಬಂದ ಹುಡುಗನಿಗೆ ಮರುದಿನವೇ ಫೋನ್ ಮಾಡಿ ಅಮ್ಮನ ಉತ್ತರ ತಪ್ಪು ಅಂತ ಹೇಳಿದೆ. ಪಾಪ, ಬೇಜಾರು ಮಾಡಿಕೊಂಡ. ಫಾರ್ಮಿನಲ್ಲಿ ಕಾರಣ ಬರೆಯಲಿಕ್ಕೆ ಜಾಗ ಇಲ್ಲ ಸರ್, ಅಂದ.